ಹ್ಯಾಮ್ ರೇಡಿಯೋದಲ್ಲಿ ಹೆಂಗಸರಿಗಿಟ್ಟ ಹೆಸರುಗಳು

ಹ್ಯಾಮ್ ರೇಡಿಯೋದ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು ನಡೆಸುವ ನಿಸ್ತಂತು ಸಂಪರ್ಕದ, ಭಾಷೆಯಲ್ಲಿ ಗಂಡಸರನ್ನು ಕರೆಯಲು ಒಂದೇ ಪದವಿದೆ, ಹೆಂಗಸರಿಗೆ ಎರಡಿವೆ. ಗಂಡಸಿಗೆ ಓಎಂ, ಅಂದರೆ ‘ಓಲ್ಡ್ ಮ್ಯಾನ್’. ಮೀಸೆ ಮೂಡದ ಹುಡುಗನಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರವರೆಗೆ ಸಂದೇಶ ಬಡಿಯುವ ಕೀಯ ಮುಂದೆ ಕುಳಿತ ಪ್ರತಿಯೊಬ್ಬ ಗಂಡಸೂ ಓಎಂ. ಪರವಾನಗಿ ಪಡೆದ ಹೆಂಗಸಿಗೆ ವೈಎಲ್, ಅಂದರೆ ‘ಯಂಗ್ ಲೇಡಿ’; ಎಂಬತ್ತು ದಾಟಿದರೂ ಆಕೆ ವೈಎಲ್ ಆಗಿಯೇ ಉಳಿಯುತ್ತಾಳೆ. ಹ್ಯಾಮ್ ಒಬ್ಬನ ಹೆಂಡತಿಗೆ ಎಕ್ಸ್‌ವೈಎಲ್, ಎಂದರೆ ಮಾಜಿ ಯುವತಿ. ಚುಕ್ಕಿ ಗೆರೆಗಳ ಮೋರ್ಸ್ ಸಂಕೇತದಲ್ಲಿ ಒಂದೊಂದು ಅಕ್ಷರವನ್ನೂ ಕೈಯಿಂದಲೇ ಕಳಿಸಬೇಕಿದ್ದ ಕಾಲದಲ್ಲಿ ಶ್ರಮ ಉಳಿಸಲೆಂದು ಹುಟ್ಟಿದ ಈ ಸಂಕ್ಷೇಪಗಳನ್ನು ಮೈಕಿನಲ್ಲಿ ಮಾತನಾಡುವಾಗಲೂ ನಾವು ಬಿಟ್ಟಿಲ್ಲ, ಹೊಸಬರಿಗೆ ಪಾಠದಂತೆ ಕಲಿಸುವುದನ್ನೂ ನಿಲ್ಲಿಸಿಲ್ಲ.

ಇದನ್ನು ಕೇಳಿದ ಹೊರಗಿನವರು ನಗುತ್ತಾರೆ, ಒಳಗಿನವರೂ ನಗುತ್ತಾರೆ. ಓಎಂ ಎನ್ನುವುದರಲ್ಲಿ ವಯಸ್ಸಿನ ಲೇವಡಿ ಇದೆಯಲ್ಲ, ಹಾಗಿರುವಾಗ ಯುವತಿ ಎನಿಸಿಕೊಳ್ಳುವವರಿಗೆ ಏನು ಕಷ್ಟ ಎಂಬುದು ನನಗೆ ಸಾಮಾನ್ಯವಾಗಿ ಸಿಗುವ ಉತ್ತರ. ನನ್ನ ತಕರಾರು ವಯಸ್ಸಿನ ಬಗ್ಗೆ ಇಲ್ಲ. ಗಂಡಸರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಹೆಂಗಸರನ್ನು ಮಾತ್ರ ಮದುವೆಯ ಲೆಕ್ಕದಲ್ಲಿ ವಿಂಗಡಿಸುವ ಈ ಪದ್ಧತಿ, ಕರೆ ಸಂಕೇತ (ಪರವಾನಗಿಯೊಡನೆ ಸಿಗುವ ಗುರುತು) ಹೇಳಿ ಮುಗಿಸಿದ ಮರುಕ್ಷಣದಿಂದ ಮಾತು ಯಾವ ದಿಕ್ಕಿಗೆ ಹೊರಳಬೇಕು ಎಂಬುದನ್ನೂ ನಿರ್ಧರಿಸಿಬಿಡುತ್ತದೆ ಎನ್ನುವುದೇ ನನ್ನ ಅನುಭವ.

ಎರಡು ಮೀಟರ್ ತರಂಗಾಂತರದ ಬ್ಯಾಂಡಿನಲ್ಲಿ, ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ರಿಪೀಟರ್ ಮೇಲೆ ನಡೆಯುವ ಸಂಜೆಯ ನೆಟ್‌ಗಳ, ಅಂದರೆ ರೇಡಿಯೋದಲ್ಲೇ ಸೇರುವ ಕೂಟಗಳ, ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕೂಟ ನಡೆಸುವ ನೆಟ್ ಕಂಟ್ರೋಲ್ ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ. ಕರೆಸಿಕೊಂಡವರು ಸಿಗ್ನಲ್ ವರದಿ ಕೊಟ್ಟು, ಈಚೆಗೆ ಏನು ಕಟ್ಟಿದಿರಿ, ಏನು ಕೆಟ್ಟಿತು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತಾರೆ. ನಾನು ನಲವತ್ತು ಮೀಟರ್ ಬ್ಯಾಂಡಿಗೆಂದು ಡೈಪೋಲ್ ಆಂಟೆನಾ ಕಟ್ಟಿ, ತಂತಿಯ ತುದಿಗಳನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾದಿಂದ ಹಿಂದಿರುಗುವ ಶಕ್ತಿಯ ಅಳತೆಯನ್ನು, ಇಳಿಸಿದ ದಿನ ನನಗಿಂತ ಮುಂಚೆ ಮಾತನಾಡಿದವರೂ ತಮ್ಮ ಆಂಟೆನಾದ ವಿಷಯವನ್ನೇ ಹೇಳಿದ್ದರು. ಬ್ಯಾಲನ್ (ಆಂಟೆನಾಕ್ಕೂ ಕೇಬಲ್ಲಿಗೂ ನಡುವೆ ಹಾಕುವ ಪುಟ್ಟ ಟ್ರಾನ್ಸ್‌ಫಾರ್ಮರ್) ಯಾವುದು, ಎಷ್ಟು ಎತ್ತರದಲ್ಲಿ ಕಟ್ಟಿದಿರಿ, ಫೀಡರ್ ಕೇಬಲ್ ಎಷ್ಟು ಉದ್ದ ಎಂದು ಅವರನ್ನು ಒಬ್ಬರಾದ ಮೇಲೆ ಒಬ್ಬರು ವಿಚಾರಿಸಿದರು. ನನ್ನ ಸರದಿ ಬಂದಾಗ ನಾನೂ ಅಷ್ಟೇ ವಿವರವಾಗಿ ಹೇಳಿ ಮುಗಿಸಿದೆ. “ಬಹಳ ಸಂತೋಷ ಮೇಡಂ, ಇವತ್ತು ವೈಎಲ್ ಧ್ವನಿ ಕೇಳಿ ನೆಟ್‌ಗೇ ಕಳೆ ಬಂತು. ಯಜಮಾನರೂ ಹ್ಯಾಮಾ? ಆಂಟೆನಾ ಅವರು ಕಟ್ಟಿಕೊಟ್ಟರಾ?” ಎಂದರು ನೆಟ್ ಕಂಟ್ರೋಲ್. “ಕಟ್ಟಿದ್ದು ನಾನೇ ಸರ್. ಎರಡೂ ಕಡೆ ತಂತಿ ಹತ್ತು ಹತ್ತು ಮೀಟರ್ ಇದೆ, ಇನ್ನೂ ಬ್ಯಾಲನ್ ಹಾಕಿಲ್ಲ,” ಎಂದೆ, ಬ್ಯಾಲನ್ ಬಗ್ಗೆ ಯಾರಾದರೂ ಕೇಳಲಿ ಎಂಬ ಆಸೆಯಿಂದ. ಮುಂದಿನವರು ಮೈಕ್ ಹಿಡಿದು, “ಮನೆ ಕೆಲಸದ ಮಧ್ಯೆ ಇಷ್ಟೆಲ್ಲ ಮಾಡ್ತೀರಲ್ಲ ಮೇಡಂ, ದೊಡ್ಡದು,” ಎಂದು ಹರಸಿ ಮುಂದಿನ ವಿಷಯಕ್ಕೆ ಹೋದರು.

ಅಲ್ಲಿ ಯಾರೂ ಒರಟಾಗಿ ಮಾತನಾಡಲಿಲ್ಲ. ಎಲ್ಲರೂ ನನ್ನನ್ನು ಬಹುವಚನದಲ್ಲೇ ಮಾತನಾಡಿಸಿದರು, ಎಲ್ಲರ ದನಿಯಲ್ಲೂ ಸದ್ಭಾವನೆಯೇ ಇತ್ತು. ಆದರೆ ಬ್ಯಾಲನ್ ಇಲ್ಲದೆ ಡೈಪೋಲ್ ಕಟ್ಟಿದರೆ ಕೇಬಲ್ಲಿನ ಹೊರಕವಚವೂ ಪ್ರಸಾರ ಮಾಡತೊಡಗುತ್ತದೆ, ಶ್ಯಾಕ್‌ನಲ್ಲಿ, ಅಂದರೆ ನಾವು ರೇಡಿಯೋ ಇಟ್ಟುಕೊಳ್ಳುವ ಕೋಣೆಯಲ್ಲಿ, ಮೈಕ್ ಮುಟ್ಟಿದರೆ ಚುರುಕ್ ಎನ್ನುವುದೂ ಉಂಟು ಎಂಬ ಎಚ್ಚರಿಕೆಯನ್ನು ಅಷ್ಟು ಜನ ಅನುಭವಿಗಳಲ್ಲಿ ಒಬ್ಬರೂ ನನಗೆ ಹೇಳಲಿಲ್ಲ. ಹವ್ಯಾಸವೊಂದರಲ್ಲಿ ಜ್ಞಾನ ಹರಿಯುವುದು ಇಂಥ ಪ್ರಶ್ನೋತ್ತರಗಳಲ್ಲಿಯೇ. ಅಭಿನಂದನೆ ಸಿಕ್ಕವಳಿಗೆ ಪ್ರಶ್ನೆ ಸಿಗುವುದಿಲ್ಲ, ಪ್ರಶ್ನೆ ಸಿಗದವಳು ವರ್ಷಗಟ್ಟಲೆ ಹೊಸಬಳಾಗಿಯೇ ಉಳಿಯುತ್ತಾಳೆ. ಆಮೇಲೆ ‘ಹೆಂಗಸರಿಗೆ ತಾಂತ್ರಿಕ ವಿಷಯದಲ್ಲಿ ಅಷ್ಟು ಆಸಕ್ತಿ ಇರುವುದಿಲ್ಲ’ ಎಂಬ ಮಾತಿಗೆ ಅವಳೇ ಉದಾಹರಣೆಯೂ ಆಗುತ್ತಾಳೆ.

ಕನ್ನಡದಲ್ಲಿ ನೆಟ್ ನಡೆಸುವವರಿಗೆ ಒಂದು ಅನುಕೂಲವಿದೆ. ‘ಅವರು ಕರೆಯುತ್ತಿದ್ದಾರೆ’ ಎಂದರೆ ಮಾತು ಮುಗಿಯಿತು. ಗಂಡೋ ಹೆಣ್ಣೋ ಎಂದು ಕ್ರಿಯಾಪದ ಕೇಳುವುದೇ ಇಲ್ಲ. ಆದರೂ ಹೊಸದಾಗಿ ಪರವಾನಗಿ ಪಡೆದ ಹುಡುಗ ‘ಹೊಸ ಸ್ಟೇಷನ್ ಒಬ್ಬರು ಬಂದಿದ್ದಾರೆ’ ಆಗುವ ನೆಟ್‌ನಲ್ಲೇ, ಅದೇ ಪರೀಕ್ಷೆ ಪಾಸಾದ ಹುಡುಗಿ ‘ಪುಟ್ಟ ವೈಎಲ್ ಒಬ್ಬಳು ಬಂದಿದ್ದಾಳೆ ನೋಡಿ’ ಆಗುವುದನ್ನು ನಾನು ಕೇಳಿದ್ದೇನೆ.

ಈ ಪದಗಳೆಲ್ಲ ಗಂಡಸರು ಮಾತ್ರ ರೇಡಿಯೋ ಬಳಸುತ್ತಿದ್ದ ಕಾಲದವು, ಆಗ ಹೆಂಗಸರೇ ಇರಲಿಲ್ಲ ಎಂಬ ಸಮಜಾಯಿಷಿ ಚರಿತ್ರೆಗೆ ಹೊಂದುವುದಿಲ್ಲ. ಅಮೆರಿಕದಲ್ಲಿ ಮೋರ್ಸ್ ತನ್ನ ಪ್ರಸಿದ್ಧ ತಂತಿ ಸಂದೇಶ ಕಳಿಸಿದ್ದು 1844ರಲ್ಲಿ; ಸಾರಾ ಬ್ಯಾಗ್ಲಿ ಎಂಬ ಮಹಿಳೆ ಲೋವೆಲ್ ಪಟ್ಟಣದ ಟೆಲಿಗ್ರಾಫ್ ಕಚೇರಿಯ ಹೊಣೆ ಹೊತ್ತದ್ದು 1846ರಲ್ಲಿ. ನಿಸ್ತಂತು ಬಂದಾಗಲೂ ಹಾಗೆಯೇ ಆಯಿತು. ಕ್ಯಾಲಿಫೋರ್ನಿಯಾದ ಕ್ಯಾಥ್‌ಲೀನ್ ಪಾರ್ಕಿನ್ 1916ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಸರ್ಕಾರದ ಪ್ರಥಮ ದರ್ಜೆಯ ವಾಣಿಜ್ಯ ರೇಡಿಯೋ ಪರವಾನಗಿ ಪಡೆದಳು. ಇಂಗ್ಲೆಂಡಿನಲ್ಲಿ ಹವ್ಯಾಸಿ ಪರವಾನಗಿ ಪಡೆದ ಮೊದಲ ಮಹಿಳೆ ಬಾರ್ಬರಾ ಡನ್. ವರ್ಷ 1927, ಕರೆ ಸಂಕೇತ ಜಿ6ವೈಎಲ್. ಕರೆ ಸಂಕೇತದ ಬಾಲದಲ್ಲೇ ವೈಎಲ್ ಕುಳಿತಿರುವುದನ್ನು ನೋಡಿ ನಗಬೇಕೋ ಬೇಡವೋ ನನಗೆ ಇಂದಿಗೂ ತಿಳಿಯದು. ಇತ್ತ ಓಎಂ ಎನ್ನುವುದಕ್ಕೆ ಪ್ರತಿಷ್ಠೆ ಬಂದದ್ದರಲ್ಲಿ ಅಮೆರಿಕದ ಹವ್ಯಾಸಿಗಳ ಸಂಘವನ್ನು 1914ರಲ್ಲಿ ಕಟ್ಟಿದ ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರ ಪಾಲೂ ಇದೆ. ಆ ಸಂಘದ ಪತ್ರಿಕೆಯಲ್ಲಿ ಅವರು ‘ದಿ ಓಲ್ಡ್ ಮ್ಯಾನ್’ ಎಂಬ ಗುಪ್ತನಾಮದಲ್ಲಿ ಸಿಡುಕು ಮುದುಕನ ವೇಷ ಹಾಕಿ ಬ್ಯಾಂಡಿನ ಅಶಿಸ್ತನ್ನು ಬಯ್ಯುತ್ತಿದ್ದರು, ಓದುಗರು ಅದನ್ನು ಸವಿಯುತ್ತಿದ್ದರು. ಹೀಗೆ ಓಎಂ ಎಂಬುದು ಅನುಭವಿ, ಅಧಿಕಾರದಿಂದ ಗದರಿಸಬಲ್ಲವನು ಎಂಬ ಧ್ವನಿಯನ್ನೂ ಪಡೆಯಿತು. ಆ ಧ್ವನಿ ವೈಎಲ್‌ಗೆ ಎಂದೂ ದಕ್ಕಲಿಲ್ಲ. ಯುವತಿ ಗದರಿಸುವುದನ್ನು ಯಾರು ಕೇಳುತ್ತಾರೆ?

ಆಸ್ಟ್ರೇಲಿಯಾದ ವಯಲೆಟ್ ಮೆಕೆಂಜಿ ಅವರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆ ದೇಶದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದ ಮೊದಲ ಮಹಿಳೆ ಅವರು. ಸಿಡ್ನಿಯಲ್ಲಿ ರೇಡಿಯೋ ಬಿಡಿಭಾಗಗಳ ಅಂಗಡಿ ನಡೆಸುತ್ತಾ, ಹವ್ಯಾಸಿ ಪರವಾನಗಿಯನ್ನೂ ಪಡೆದರು. 1939ರಲ್ಲಿ, ಯುದ್ಧ ಬರುವುದು ಖಚಿತವೆನಿಸುತ್ತಿದ್ದಂತೆ, ಹೆಂಗಸರಿಗೆ ಉಚಿತವಾಗಿ ಮೋರ್ಸ್ ಕಲಿಸುವ ಸಂಘಟನೆಯೊಂದನ್ನು ಕಟ್ಟಿ ತರಬೇತಿ ಶುರುಮಾಡಿದರು. ಅವರ ಶಿಷ್ಯೆಯರು ಎಷ್ಟು ನುರಿತಿದ್ದರೆಂದರೆ ಸೇನೆಗೆ ಸೇರಬೇಕೆಂದಿದ್ದ ಗಂಡಸರು ಕಲಿಯಲು ಅವರ ಬಳಿಗೇ ಬರತೊಡಗಿದರು. ಯುದ್ಧದ ವರ್ಷಗಳಲ್ಲಿ ಆ ಶಾಲೆಯಲ್ಲಿ ಮೋರ್ಸ್ ಕಲಿತ ಸೈನಿಕರ ಸಂಖ್ಯೆಯನ್ನು 12,000 ಎಂದು ಹೇಳುತ್ತಾರೆ. ಇಷ್ಟಾದರೂ ತಮ್ಮ ಶಿಷ್ಯೆಯರನ್ನು ನೌಕಾಪಡೆ ಟೆಲಿಗ್ರಾಫಿಸ್ಟ್‌ಗಳಾಗಿ ತೆಗೆದುಕೊಳ್ಳಲಿ ಎಂದು ಮೆಕೆಂಜಿ ದುಂಬಾಲು ಬೀಳಬೇಕಾಯಿತು. ನೀವು ಬೇಡವೆಂದರೆ ವಾಯುಪಡೆಗೆ ಕೊಡುತ್ತೇನೆ ಎಂದು ಹೆದರಿಸಿದ ಮೇಲೆ, 1941ರ ಏಪ್ರಿಲ್‌ನಲ್ಲಿ 14 ಮಹಿಳೆಯರ ಮೊದಲ ತಂಡ ಕ್ಯಾನ್‌ಬೆರಾ ಬಳಿಯ ನೌಕಾ ರೇಡಿಯೋ ಕೇಂದ್ರಕ್ಕೆ ಹೋಯಿತು. ಸಂಪ್ರದಾಯ ಮುರಿದ ಈ ಸುದ್ದಿಗೆ ಪ್ರಚಾರ ಬೇಡ ಎಂಬ ಷರತ್ತನ್ನು ಸರ್ಕಾರ ಜೊತೆಗೇ ಹಾಕಿತ್ತು. ತಮಗೆ ಕಲಿಸಿದವರು ಹೆಂಗಸರು ಎಂಬುದು ಸಾವಿರಾರು ಗಂಡಸರಿಗೆ ಗೊತ್ತಿದ್ದಾಗಲೂ, ಹೆಂಗಸರು ಆ ಕೆಲಸ ಮಾಡಬಲ್ಲರೇ ಎಂಬ ಪ್ರಶ್ನೆ ಕಚೇರಿಯ ಮೇಜಿನ ಮೇಲೆ ಹಾಗೆಯೇ ಉಳಿದಿತ್ತು.

ನಮ್ಮ ಕಾಲಕ್ಕೆ ಬಂದರೆ, 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ಕೇಂದ್ರ ನಡೆಸುತ್ತಿದ್ದವರು ಭಾರತಿ ಪ್ರಸಾದ್, ಕರೆ ಸಂಕೇತ ವಿಯು2ಆರ್‌ಬಿಐ. ದ್ವೀಪಗಳ ಮಾಮೂಲಿ ಸಂಪರ್ಕ ಕಡಿದು ಬಿದ್ದಾಗ ಅವರ ತಂಡದ ರೇಡಿಯೋಗಳು ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದವು. ತುರ್ತು ನೆಟ್‌ಗಳಲ್ಲಿ ಭಾಷೆ ತಾನಾಗಿಯೇ ಒಣಗುತ್ತದೆ: ಕರೆ ಸಂಕೇತ, ಜಾಗ, ಎಷ್ಟು ಜನ, ಏನು ಬೇಕು. ಓಎಂ, ವೈಎಲ್‌ಗಳಿಗೆ ಅಲ್ಲಿ ಪುರುಸೊತ್ತಿರುವುದಿಲ್ಲ. ಈ ಒಣ ಭಾಷೆಯೇ ನನಗೆ ಹೆಚ್ಚು ಗೌರವದ್ದೆನಿಸುತ್ತದೆ.

ಇದಕ್ಕೆ ಹಿರಿಯರೊಬ್ಬರು ಕೊಟ್ಟ ಉತ್ತರವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಹೆಂಗಸರು ಕಡಿಮೆ ಇರುವ ಕಡೆ ಅವರನ್ನು ವಿಶೇಷವಾಗಿ ಸ್ವಾಗತಿಸುವುದು ತಪ್ಪೇ, ಪೈಲ್‌ಅಪ್‌ನಲ್ಲಿ ವೈಎಲ್‌ಗೆ ಮೊದಲು ದಾರಿ ಬಿಡುವುದು ಮರ್ಯಾದೆಯಲ್ಲವೇ ಎಂದು ಅವರು ಕೇಳಿದರು. ದೂರದ ಅಪರೂಪದ ಸ್ಟೇಷನ್ನಿಗಾಗಿ ನೂರಾರು ಜನ ಒಟ್ಟಿಗೆ ಕೂಗುವ ಆ ಗದ್ದಲದಲ್ಲಿ ‘ವೈಎಲ್ ಮಾತ್ರ ಬನ್ನಿ’ ಎಂಬ ಕರೆ ಕೇಳಿ ನನಗೂ ಲಾಭವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಹೆಣ್ಣು ಧ್ವನಿ ಗದ್ದಲವನ್ನು ಸೀಳಿಕೊಂಡು ಬರುತ್ತದೆ ಎಂದು ಹೊಗಳುವವರೂ ಇದ್ದಾರೆ. ಹ್ಯಾಮ್‌ಗಳು ಮಾತಿಗೆ ಬಳಸುವ ಎಸ್‌ಎಸ್‌ಬಿ ಎಂಬ ಪ್ರಸಾರ ವಿಧಾನದಲ್ಲಿ ಧ್ವನಿಯ ಮೂರು ಕಿಲೋಹರ್ಟ್ಸ್‌ಗಿಂತ ಕಡಿಮೆ ಭಾಗವಷ್ಟೇ ಉಳಿಯುವುದರಿಂದ ಈ ಹೊಗಳಿಕೆಯಲ್ಲಿ ಎಷ್ಟು ಭೌತಶಾಸ್ತ್ರ, ಎಷ್ಟು ಕುತೂಹಲ ಎಂಬುದು ಬೇರೆ ಚರ್ಚೆ. ಆದರೆ ಮುಂದೆ ಕರೆದು ಕೂರಿಸುವ ಈ ಉಪಚಾರ ಒಂಟಿಯಾಗಿ ಬರುವುದಿಲ್ಲ. ಇಡೀ ಬ್ಯಾಂಡ್ ತಿರುಗಿ ನೋಡಿತೆಂದರೆ ಕರೆ ಸಂಕೇತ ಹೇಳದೆ ಸಿಳ್ಳೆ ಹಾಕುವವನೂ ತಿರುಗಿ ನೋಡಿರುತ್ತಾನೆ, ಸಂಪರ್ಕ ಮುಗಿದರೂ ಫ್ರೀಕ್ವೆನ್ಸಿ ಬಿಡದೆ ಹಿಂಬಾಲಿಸುವವನೂ ನೋಡಿರುತ್ತಾನೆ. ಕರೆ ಸಂಕೇತವನ್ನು ಆಗಾಗ ಹೇಳುತ್ತಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕೆಣಕುವವರು ಅದನ್ನು ಮುರಿಯುತ್ತಾರೆ, ಕೆಣಕಿಸಿಕೊಳ್ಳುವವಳು ಪಾಲಿಸುತ್ತಿರುತ್ತಾಳೆ.

ಇದರಲ್ಲಿ ಇನ್ನೊಂದು ತೊಡಕಿದೆ, ಅದರ ಬಗ್ಗೆ ಗಂಡಸರು ಮಾತನಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಹಲವು ದೇಶಗಳಲ್ಲಿ ಪರವಾನಗಿದಾರರ ದಾಖಲೆ ಸಾರ್ವಜನಿಕವಾದದ್ದು. ಅಮೆರಿಕದಲ್ಲಂತೂ ಕರೆ ಸಂಕೇತ ಹಾಕಿ ಹುಡುಕಿದರೆ ಹೆಸರು, ಅಂಚೆ ವಿಳಾಸ ಎರಡೂ ಸಿಗುತ್ತವೆ. ಸಂಪರ್ಕ ಆದದ್ದನ್ನು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡು ತರಿಸಿಕೊಳ್ಳಲೆಂದು ನಾವಾಗಿಯೇ ವಿಳಾಸ ಪ್ರಕಟಿಸುವುದೂ ರೂಢಿ. ಗಂಡಸಿನ ವಿಳಾಸಕ್ಕೆ ಕಾರ್ಡು ಬರುತ್ತದೆ. ನನ್ನ ಪರಿಚಯದ ಹೆಂಗಸರಲ್ಲಿ ಹಲವರು ಮನೆಯ ವಿಳಾಸ ಕೊಡದೆ ಅಂಚೆ ಪೆಟ್ಟಿಗೆಯನ್ನೋ ಕಾರ್ಡು ಹಂಚುವ ಕ್ಯೂಎಸ್‌ಎಲ್ ಬ್ಯೂರೋವನ್ನೋ ಆಶ್ರಯಿಸುತ್ತಾರೆ, ಊರಿನ ಹೆಸರನ್ನು ಹೇಳುವಾಗ ಬೇಕೆಂದೇ ಅಸ್ಪಷ್ಟವಾಗಿ ಹೇಳುತ್ತಾರೆ. ‘ಎಲ್ಲಿ ಮೇಡಂ ನಿಮ್ಮ ಮನೆ, ಆ ಕಡೆ ಬಂದಾಗ ಆಂಟೆನಾ ನೋಡಿ ಹೋಗ್ತೀವಿ’ ಎಂಬ ಮಾತು ಹೆಚ್ಚಿನ ಸಲ ನಿಜವಾದ ಸ್ನೇಹದಿಂದಲೇ ಬರುತ್ತದೆ. ಯಾವ ಸಲ ಅಲ್ಲ ಎಂಬುದು ಧ್ವನಿ ಕೇಳಿ ತಿಳಿಯುವುದಿಲ್ಲ.

ವೈಎಲ್ ಎಂಬ ಹೆಸರನ್ನು ಹೆಂಗಸರೇ ಹೆಮ್ಮೆಯಿಂದ ಹೊತ್ತ ಚರಿತ್ರೆಯೂ ಇದೆ. 1939ರಲ್ಲಿ ಅಮೆರಿಕದ ಮಹಿಳಾ ಹವ್ಯಾಸಿಗಳು ತಮ್ಮದೇ ಸಂಘ ಕಟ್ಟಿಕೊಂಡಾಗ ಅದಕ್ಕೆ ಯಂಗ್ ಲೇಡೀಸ್ ರೇಡಿಯೋ ಲೀಗ್ ಎಂದೇ ಹೆಸರಿಟ್ಟರು, ಆ ಸಂಘ ಇಂದಿಗೂ ಇದೆ. ಗಂಡಸರು ವೈಎಲ್‌ಗಳಿಗೆ 88, ಅಂದರೆ ಪ್ರೀತಿ ಮತ್ತು ಮುತ್ತುಗಳು, ಎಂದು ಸಲೀಸಾಗಿ ಹೇಳಿ ಹೊರಡುತ್ತಿದ್ದ ವಾತಾವರಣದಲ್ಲಿ ಅವರು ಹೆಂಗಸರು ಹೆಂಗಸರಿಗೇ ಹೇಳಿಕೊಳ್ಳುವ 33 ಎಂಬ ವಿದಾಯವನ್ನು ರೂಢಿಸಿಕೊಂಡರು. ಅದು ಸ್ನೇಹದ ಸಂಕೇತ. ತಮ್ಮನ್ನು ವೈಎಲ್ ಎಂದುಕೊಳ್ಳುವ ಹಿರಿಯ ಗೆಳತಿಯರ ಜೊತೆ ನನಗೆ ಜಗಳವಿಲ್ಲ, 33 ಬಂದರೆ ನಾನೂ 33 ಎನ್ನುತ್ತೇನೆ. ತಾವಾಗಿ ಆರಿಸಿಕೊಂಡದ್ದಕ್ಕೂ ಗುರುತು ಪರಿಚಯವಿಲ್ಲದವರು ಹಚ್ಚಿದ್ದಕ್ಕೂ ವ್ಯತ್ಯಾಸವಿದೆ. ಮೊದಲ ಸಂಪರ್ಕದಲ್ಲೇ 88 ಎಂದು ವಿದಾಯ ಹೇಳುವ ಅಪರಿಚಿತನನ್ನು ಸಂಪ್ರದಾಯದ ಹೆಸರಿನಲ್ಲಿ ಸಹಿಸಿಕೊಳ್ಳಬೇಕೆಂದು ಹೊಸ ಹುಡುಗಿಯರಿಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಎಕ್ಸ್‌ವೈಎಲ್ ವಿಷಯದಲ್ಲಿ ಮಾತ್ರ ನನ್ನಲ್ಲಿ ಯಾವ ರಾಜಿಯೂ ಇಲ್ಲ. ಹೆಂಡತಿಯಾದ ಕೂಡಲೇ ಹೆಣ್ಣು ‘ಮಾಜಿ’ ಆಗುತ್ತಾಳೆ. ಗಂಡನಾದವನು ಓಎಂ ಆಗಿಯೇ ಮುಂದುವರಿಯುತ್ತಾನೆ. ಈ ಪದದ ಸುತ್ತ ಬೆಳೆದಿರುವ ಹಾಸ್ಯವನ್ನಂತೂ ಹ್ಯಾಮ್‌ಗಳ ಯಾವ ಕೂಟದಲ್ಲಾದರೂ ಕೇಳಬಹುದು: ಹೊಸ ರಿಗ್, ಅಂದರೆ ರೇಡಿಯೋ ಸೆಟ್, ಕೊಂಡದ್ದನ್ನು ಎಕ್ಸ್‌ವೈಎಲ್ ಕಣ್ಣಿಗೆ ಬೀಳದಂತೆ ಮನೆಗೆ ಸಾಗಿಸುವುದು ಹೇಗೆ, ತಾರಸಿಯ ಮೇಲಿನ ಟವರ್‌ಗೆ ಎಕ್ಸ್‌ವೈಎಲ್ ಅನುಮತಿ ಸಿಕ್ಕಿತೇ, ಬಟ್ಟೆ ಒಣಗಿಸುವ ತಂತಿಯೆಂದು ಹೇಳಿ ಆಂಟೆನಾ ಕಟ್ಟಿದೆ, ಹೀಗೆ. ಇದರಲ್ಲಿ ಹೆಂಡತಿ ಎಂದರೆ ಖರ್ಚಿಗೆ ಗೊಣಗುವ, ರೇಡಿಯೋದ ಗಂಧಗಾಳಿ ಇಲ್ಲದ, ಹವ್ಯಾಸಕ್ಕೆ ಅಡ್ಡ ನಿಂತ ಗೋಡೆ. ಅದೇ ಕೊಠಡಿಯಲ್ಲಿ ಕುಳಿತ ನಾನೂ ಯಾರದೋ ಹೆಂಡತಿ, ಖರ್ಚಿನ ರಸೀದಿ ಅಡಗಿಸಿಡುವವಳೂ ನಾನೇ ಎಂಬುದು ಹಾಸ್ಯ ಹೇಳುವವರ ಲೆಕ್ಕಕ್ಕೆ ಬರುವುದಿಲ್ಲ. ನಾವು ಕೆಲವರು ಸೇರಿ ಹೊಸಬರಿಗೆಂದು ಪರಿಷ್ಕರಿಸಿದ ಕೈಪಿಡಿಯಿಂದ ಎಕ್ಸ್‌ವೈಎಲ್ ತೆಗೆಯಬೇಕೆಂದಾಗ ವಿರೋಧ ಬರಲಿಲ್ಲ. ಹಲವರು ಅದನ್ನು ಬಳಸುವುದನ್ನು ಆಗಲೇ ಬಿಟ್ಟಿದ್ದರು. ಓಎಂ ಮತ್ತು ವೈಎಲ್‌ಗಳ ಮುಂದೆ ‘ಹಳೆಯ ಬಳಕೆ’ ಎಂದು ಬರೆಯೋಣ ಎಂದಾಗ ಮಾತ್ರ ಚರ್ಚೆ ಬಿಸಿಯಾಯಿತು. “ಓಎಂ ಅಂದರೆ ಈಗ ಸ್ನೇಹಿತರೇ ಅಂತ ಅಷ್ಟೇ ಅರ್ಥ ಅಮ್ಮಾ, ಅದರಲ್ಲಿ ಗಂಡು ಹೆಣ್ಣು ಎಲ್ಲಿಂದ ಬಂತು?” ಎಂದರು ಒಬ್ಬರು. ಹಾಗಿದ್ದರೆ ಮೈಕಿನಲ್ಲೂ ನನ್ನನ್ನು ಓಎಂ ಎಂದೇ ಕರೆಯಿರಿ ಸರ್ ಎಂದೆ. ಎಲ್ಲರೂ ನಕ್ಕರು, ಟಿಪ್ಪಣಿ ಅಂಗೀಕಾರವಾಗಲಿಲ್ಲ.

ಅವರ ಮಾತಿನಲ್ಲಿ ಒಂದು ಸತ್ಯವಿತ್ತು, ಅದು ಅವರ ವಾದಕ್ಕೇ ಎದುರಾದದ್ದು. ಮೋರ್ಸ್‌ನಲ್ಲಿ ನನ್ನನ್ನು ಎಲ್ಲರೂ ಓಎಂ ಎಂದೇ ಕರೆಯುತ್ತಾರೆ. ಅಲ್ಲಿ ಧ್ವನಿ ಇಲ್ಲ; ಇರುವುದು ಕರೆ ಸಂಕೇತ, ಒಂದು ಚಿಕ್ಕ ಹೆಸರು, ಮತ್ತು ಪ್ರತಿಯೊಬ್ಬರ ಕೀಯಲ್ಲೂ ಕೇಳುವ ಅವರವರದೇ ಕೈಲಯ. ‘ವರದಿಗೆ ವಂದನೆ ಓಎಂ’ ಎಂದು ಬರುತ್ತದೆ. ಆಮೇಲೆ ಆಂಟೆನಾ ಯಾವುದು, ಪವರ್ ಎಷ್ಟು ವಾಟ್ ಎಂಬ ಪ್ರಶ್ನೆಗಳು ಬರುತ್ತವೆ. ಅಂದು ನೆಟ್‌ನಲ್ಲಿ ಸಿಗದ ಬ್ಯಾಲನ್ ಸಲಹೆ ನನಗೆ ಸಿಕ್ಕಿದ್ದು ಹೀಗೆ, ನನ್ನನ್ನು ಗಂಡಸು ಎಂದುಕೊಂಡಿದ್ದ ಒಬ್ಬರಿಂದ. ಅವರನ್ನು ತಿದ್ದಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಸಿಗ್ನಲ್ ಕುಗ್ಗಿ ಸಂಪರ್ಕ ಮುಗಿಯಿತು. ತಿದ್ದಿದ್ದರೆ ಮಾತು ಬ್ಯಾಲನ್ ಬಿಟ್ಟು ಬೇರೆಡೆಗೆ ಹೋಗುತ್ತಿತ್ತು ಎಂಬ ಅನುಮಾನ ನನಗಿದೆ. ಇನ್ನೊಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಪ್ರಯಾಣ ಮಾಡಿದಂಥ ಈ ಸುಖ ನನಗೆ ಪೂರ್ತಿ ಹಿಡಿಸಿಲ್ಲ.

2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ರೂಪಿಸಿದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಈ ಸಮಸ್ಯೆಯನ್ನು ಯಾರನ್ನೂ ಕೇಳದೆ ಪಕ್ಕಕ್ಕಿಟ್ಟಿತು. ಹದಿನೈದು ಸೆಕೆಂಡಿನ ಸರದಿಗಳಲ್ಲಿ ಎರಡು ಕಂಪ್ಯೂಟರ್‌ಗಳು ಕರೆ ಸಂಕೇತ, ಸ್ಥಳದ ಗುರುತು, ಸಿಗ್ನಲ್ ವರದಿ ಬದಲಿಸಿಕೊಂಡು 73, ಅಂದರೆ ವಿದಾಯದ ಶುಭಾಶಯ, ಹೇಳಿ ಮುಗಿಸುತ್ತವೆ. ಸ್ವಂತ ಮಾತು ಸೇರಿಸಬೇಕೆಂದರೆ ಸಿಗುವುದು ಹದಿಮೂರು ಅಕ್ಷರಗಳ ಜಾಗ. 73 ಉಳಿಯಿತು, ಓಎಂ ಹೋಯಿತು. ಎಫ್‌ಟಿ8ರಲ್ಲಿ ಮಾತೇ ಇಲ್ಲ, ಹವ್ಯಾಸದ ಜೀವವೇ ಹೋಯಿತು ಎಂದು ದೂರುವವರು ಬೇಕಾದಷ್ಟಿದ್ದಾರೆ, ಆ ದೂರಿನಲ್ಲಿ ನಾನೂ ಅರ್ಧ ಪಾಲುದಾರಳು. ಆದರೆ ಓಎಂ ಎನ್ನಲು ಜಾಗವಿಲ್ಲವೆಂದು ಕೊರಗಿದವರನ್ನು ನಾನಿನ್ನೂ ಕಂಡಿಲ್ಲ.

ಮಾತೂ ಇರಬೇಕು, ವಿಂಗಡಣೆಯೂ ಇರಬಾರದು ಎಂದರೆ ದಾರಿ ಅಷ್ಟೇನೂ ಕಠಿಣವಲ್ಲ. ನೆಟ್ ಕಂಟ್ರೋಲ್ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಎಲ್ಲರನ್ನೂ ಕರೆ ಸಂಕೇತ ಮತ್ತು ಹೆಸರಿನಿಂದಷ್ಟೇ ಕರೆಯುತ್ತೇನೆ, ಪ್ರತಿಯೊಬ್ಬರಿಗೂ ಅವರು ಹೇಳಿದ ಕೆಲಸದ ಬಗ್ಗೆಯೇ ಒಂದು ಪ್ರಶ್ನೆ ಕೇಳಿ ಮುಂದೆ ಹೋಗುತ್ತೇನೆ. ಮೊದಮೊದಲು ಕೆಲವರಿಗೆ ಇದು ಬಿಗುವಾಗಿ ಕಂಡಿತು. ಈಚೆಗೆ ಪರವಾನಗಿ ಪಡೆದ ಹುಡುಗಿಯೊಬ್ಬಳು ಹ್ಯಾಂಡಿ ಸೆಟ್ಟಿಗೆ ತಾನೇ ಕಟ್ಟಿದ ಆಂಟೆನಾದ ಬಗ್ಗೆ ಹೇಳಿದಾಗ, ಕೇಬಲ್ ಯಾವುದು ಬಳಸಿದಿರಿ ಎಂದು ಕೇಳಿದೆ. ಅವಳು ಕೇಬಲ್ಲಿನಿಂದ ಶುರುಮಾಡಿ ಬೆಸುಗೆ, ಕನೆಕ್ಟರ್, ಸೋರಿಕೆ ಎಂದು ರಿಪೀಟರಿನ ಟೈಮರ್ ಮಾತು ಕಡಿದುಹಾಕುವವರೆಗೂ ಹೇಳಿದಳು. ಅಂದು ನನಗೆ ಬ್ಯಾಲನ್ ಬಗ್ಗೆ ಏನೂ ಕೇಳದ ಹಿರಿಯರೇ ಈ ಸಲ ತಡೆದು, ಕನೆಕ್ಟರಿಗೆ ಬೆಸುಗೆ ಸರಿಯಾಗಿ ಹಿಡಿಯದಿದ್ದರೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ ನೋಡಿಕೊಳ್ಳಿ ಎಂದರು. ಅವಳು ಒಪ್ಪದೆ ವಾದ ಹೂಡಿದಳು. ನಾನು ನಡೆಸುವ ದಿನ ನೆಟ್ ಬಹಳ ಹೊತ್ತು ಎಳೆಯುತ್ತದೆ ಎಂಬ ದೂರು ಬಂದಿದೆ, ಅದು ನಿಜವೂ ಹೌದು.